ಗಂಟಣ್ಣನ ತಾಳಪ್ಪ ನಡೆ

ಕಲ್ಲುದಿಮ್ಮೆ ಪಟ್ಟಣದಲ್ಲಿ ನೀರು ಬಿಡುವ ಕೆಲಸ ಮನುಷ್ಯರ ಕೈತಪ್ಪಿ ಯಂತ್ರದ ಪಾಲಾಗಿ ಹನ್ನೊಂದು ವರ್ಷವಾಗಿತ್ತು. ಸರ್ಕಾರದ ಕಾಗದದಲ್ಲಿ ಆ ಯಂತ್ರಕ್ಕೆ ಎರಡು ಸಾಲಿನಷ್ಟು ಉದ್ದದ ಹೆಸರಿತ್ತು. ಆದರೆ ಹಿಂದೆ ಸೈಕಲ್ಲಿನಲ್ಲಿ ಬಂದು ಬೀದಿ ಬೀದಿಯ ವಾಲ್ವ್ ತಿರುಗಿಸುತ್ತಿದ್ದ ನೀರಗಂಟಿಯ ಕೆಲಸವನ್ನೇ ಅದೂ ಮಾಡುತ್ತಿದ್ದುದರಿಂದ ಊರಿನವರು ಅದನ್ನು ಗಂಟಣ್ಣ ಎಂದು ಕರೆದರು. ‘ಇವತ್ತು ಗಂಟಣ್ಣ ಬೇಗ ಬಿಟ್ಟ’ ಎನ್ನುವರು. ‘ಗಂಟಣ್ಣನಿಗೆ ಕೋಪ ಬಂದೈತೆ, ಡ್ರಮ್ಮು ತುಂಬಿಟ್ಕೊಳ್ರೋ’ ಎನ್ನುವರು. ನೋಡಿದರೆ ಅದಕ್ಕೆ ಕೈಯೂ ಇಲ್ಲ, ಕಾಲೂ ಇಲ್ಲ. ಹಳೆಯ ಓವರ್‌ಹೆಡ್ ಟ್ಯಾಂಕಿನ ಕೆಳಗಿನ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಒಂದು ಪೆಟ್ಟಿಗೆ, ಎದುರಿಗೆ ಗೋಡೆಯಗಲದ ಪರದೆ, ಅಷ್ಟೇ.

ನೀರೇನೂ ಸಸಾರದ್ದಲ್ಲ. ಕಡಲ ನೀರಿನ ಉಪ್ಪು ತೆಗೆದು, ಸಿಹಿ ಮಾಡಿ, ಘಟ್ಟ ಹತ್ತಿಸಿ, ನೂರಾರು ಮೈಲಿ ಪೈಪಿನಲ್ಲಿ ತಳ್ಳಿ ತಂದ ನೀರು. ಆದ್ದರಿಂದ ಊರನ್ನು ಹದಿನಾಲ್ಕು ವಲಯ ಮಾಡಿ, ಪ್ರತಿ ವಲಯಕ್ಕೂ ಒಂದು ವಾಲ್ವು ಒಂದು ಮೀಟರು ಕೂರಿಸಿ, ಇಷ್ಟೇ ಪಾಲು ಎಂದು ಗೊತ್ತು ಮಾಡಿದ್ದರು. ಯಾರಾದರೂ ನಲ್ಲಿಗೆ ನೇರವಾಗಿ ಮೋಟಾರ್ ಹಾಕಿ ಎಳೆದರೆ ಆ ವಲಯದ ಮೀಟರ್ ಜಿಗಿಯುತ್ತಿತ್ತು. ಜಿಗಿದರೆ ಗಂಟಣ್ಣ ಎರಡು ನಿಮಿಷದೊಳಗೆ ಆ ವಲಯದ ವಾಲ್ವನ್ನೇ ಮುಚ್ಚಬೇಕು. ಮತ್ತೆ ನೀರು ಮಾರನೆಯ ದಿನವೇ. ಎರಡು ನಿಮಿಷ ಕೊಟ್ಟಿದ್ದು ಮೀಟರು ಸುಳ್ಳು ಹೇಳುತ್ತಿದೆಯೋ ಏನೋ ನೋಡಿಕೊಳ್ಳಲಿ ಎಂದು. ಹೀಗೆ ಒಬ್ಬ ಕದ್ದರೆ ನೂರು ಮನೆಗೆ ಶಿಕ್ಷೆ. ನಿಯಮ ಮಾಡಿದವರಿಗೆ ಅದು ನ್ಯಾಯವಾಗಿಯೇ ಕಂಡಿತ್ತು.

ಹದಿನಾಲ್ಕನೆಯ ವಲಯ ಎಂದರೆ ದಿಮ್ಮೆ ಬೀದಿ. ಊರಿನ ನೆತ್ತಿಯ ಮೇಲೆ, ಪೈಪಿನ ಕೊನೆಯಲ್ಲಿ. ಅಲ್ಲಿ ಅಕ್ಕಯಮ್ಮನ ಮನೆ. ಮುಂದಿನ ಕೋಣೆಯಲ್ಲಿ ಅವಳ ಮೆಸ್ಸು, ಎರಡು ಬಾಗಿಲು ಆಚೆಗೆ ಅವಳ ಗಂಡ ಮುನಿವೆಂಕಟಪ್ಪನ ಕಟಿಂಗ್ ಶಾಪು. ಐವತ್ತಾರು ವರ್ಷದ ಅಕ್ಕಯಮ್ಮ ಮೆಸ್ಸನ್ನು ಎರಡು ಸಲ ತೆರೆದು ಎರಡು ಸಲ ಮುಚ್ಚಿದವಳು. ಕೈರುಚಿಗೆ ಕೊರತೆಯಿರಲಿಲ್ಲ, ನೀರಿಗಿತ್ತು. ವಾರದಲ್ಲಿ ಮೂರು ದಿನ ಬೀದಿಯ ವಾಲ್ವು ಮುಚ್ಚಿರುತ್ತಿತ್ತು. ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ನಿಂತವಳು ಇಡ್ಲಿಗೆ ಅಕ್ಕಿ ಯಾವಾಗ ರುಬ್ಬಬೇಕು, ಪಾತ್ರೆ ಯಾವಾಗ ತೊಳೆಯಬೇಕು?

ಎಂಟು ತಿಂಗಳಿಂದ ಆ ಕಷ್ಟ ತಪ್ಪಿತ್ತು. ದಿನಾ ಬೆಳಿಗ್ಗೆ ಐದೂವರೆಗೆ ನೀರು. ಯಾಕೆ ಎಂದು ಬೀದಿಯವರು ಯಾರೂ ಕೇಳಲಿಲ್ಲ. ಬರುವ ನೀರನ್ನು ಯಾಕೆ ಬಂದೆ ಎಂದು ಕೇಳುವ ಗೋಜಿಗೆ ಯಾರು ಹೋಗುತ್ತಾರೆ? ಅಕ್ಕಯಮ್ಮ ಮೂರನೆಯ ಸಲ ಮೆಸ್ಸು ತೆರೆದಳು. ಈ ಸಲ ನಡೆಯಿತು. ನೀರಿನ ಕಂಟ್ರೋಲ್ ರೂಮಿನ ಆರು ಜನಕ್ಕೂ ಬೆಳಗಿನ ತಿಂಡಿ ಅವಳದೇ. ಕ್ಯಾರಿಯರ್ ಹಿಡಿದು ತಾನೇ ಹೋಗುವಳು, ಅವರು ತಿಂದು ಮುಗಿಸುವ ತನಕ ಪರದೆಯ ಮುಂದಿನ ಬೆಂಚಿನ ಮೇಲೆ ಕೂತು ಹದಿನಾಲ್ಕು ಹಸಿರು ದೀಪ ನೋಡುವಳು.

ಆ ಬುಧವಾರ ಅವಳು ಹೋದಾಗ ಜೂನಿಯರ್ ಇಂಜಿನಿಯರ್ ಅರ್ಷಿಯಾ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ತಟ್ಟೆಯಲ್ಲಿ ಚಿತ್ರಾನ್ನ ಹಾಗೇ ಇತ್ತು.

“ಯಾಕೆ ತಾಯಿ, ಉಪ್ಪು ಜಾಸ್ತಿ ಆಯ್ತಾ?”

“ಉಪ್ಪಲ್ಲಮ್ಮ. ಶುಕ್ರವಾರ ಹತ್ತು ಗಂಟೆಗೆ ಗಂಟಣ್ಣನ ತಲೆ ತೊಳೀತಾರೆ. ಎಂಟು ತಿಂಗಳ ಹಿಂದೆ ತಾನಾಗೇ ಕಲಿಯೋ ಹೊಸ ಬುದ್ಧಿ ಹಾಕಿದ್ರಲ್ಲ, ಅದು ಕಲ್ತಿದ್ದನ್ನೆಲ್ಲ ಅಳಿಸಿ ಹಳೇದನ್ನೇ ಕೂರಿಸ್ಬೇಕು ಅಂತ ಮೇಲಿನ ಆಫೀಸಿಂದ ಆರ್ಡರ್. ಚೀಫ್ ಇಂಜಿನಿಯರ್ ಪುಟ್ಟಹೊನ್ನಯ್ಯ ಸಾಹೇಬ್ರು ಅವ್ರೇ ಬರ್ತಿದಾರೆ.”

“ಏನು ತಪ್ಪು ಮಾಡ್ತಂತೆ?”

“ಅದೇ ಗೊತ್ತಿಲ್ಲ ಅನ್ನೋದೇ ತಪ್ಪು.” ಅರ್ಷಿಯಾ ಪರದೆಯ ಮೂಲೆ ತೋರಿಸಿದಳು. “ವಾಲ್ವ್ ಅಲ್ಲಾಡಿಸಿದಾಗೆಲ್ಲ ಅದು ಕಾರಣ ಬರೀಬೇಕು. ಅದಕ್ಕೆ ಮಾತು ಬರಲ್ವಲ್ಲ, ಅದಕ್ಕೇ ನಾವೇ ಹದಿನೇಳು ಕಾರಣದ ಪಟ್ಟಿ ಕೊಟ್ಟಿದೀವಿ. ಕಳ್ಳ ಎಳೆತಕ್ಕೆ ಬಂದ್, ಪೈಪ್ ಒಡೆತ, ಟ್ಯಾಂಕ್ ಖಾಲಿ ಹಿಂಗೆ. ಹದಿನೇಳನೇದು ‘ಇತರೆ’. ಎಂಟು ತಿಂಗಳಲ್ಲಿ ಎರಡು ಸಾವಿರದ ಮುನ್ನೂರ ಹದಿನಾಲ್ಕು ಸಲ ಅದು ‘ಇತರೆ’ ಅಂತ ಬರ್ದಿದೆ. ಹೆಚ್ಚುಕಮ್ಮಿ ಪ್ರತಿ ಸಲಾನೂ ಯಾವುದೋ ಒಂದು ವಲಯದ ವಾಲ್ವ್ ಮುಕ್ಕಾಲು ಮುಚ್ಚಿ, ನಲವತ್ತು ಸೆಕೆಂಡ್ ಬಿಟ್ಟು ಮತ್ತೆ ತೆಗೆದಿದೆ. ನಾನು ವಾಲ್ವ್ ಅಂಟ್ಕೊಳ್ತಿದೆ ಅಂತ ರಿಪೋರ್ಟ್ ಬರೆದೆ. ನಿಮ್ಮ ಬೀದಿ ವಾಲ್ವನ್ನ ಎರಡು ಸಲ ಬದಲಾಯಿಸಿದೆ. ಹೊಸದೂ ಹಂಗೇ ಅಂಟ್ಕೊಳ್ತಂತೆ!”

“ಹಳೇದು ಕೂರಿಸಿದ್ರೆ ನಮ್ಮ ಬೀದಿ ಗತಿ?”

ಅರ್ಷಿಯಾ ಚಿತ್ರಾನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅಕ್ಕಯಮ್ಮ ಖಾಲಿ ಕ್ಯಾರಿಯರ್ ಎತ್ತಿಕೊಂಡು ಹೊರಟಳು. ದಿಮ್ಮೆ ಹತ್ತುವಾಗ ಅವಳ ಕಣ್ಣ ಮುಂದೆ ಇದ್ದದ್ದು ಟ್ಯಾಂಕರಿನ ಹಿಂದಿನ ಆ ಸಾಲು ಒಂದೇ. ಮೂರನೆಯ ಸಲ ಮುಚ್ಚಿದರೆ ನಾಲ್ಕನೆಯ ಸಲ ತೆರೆಯುವ ಹುಮ್ಮಸ್ಸು ತನ್ನಲ್ಲಿ ಉಳಿದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಮೆಸ್ಸಿನ ಪಾತ್ರೆ ತೊಳೆದಾದ ಮೇಲೆ ಗಂಡನ ಶಾಪಿಗೆ ಹೋಗಿ ಒಂದಾಟ ಚದುರಂಗ ಆಡುವುದು ಅವಳ ಮೂವತ್ತು ವರ್ಷದ ರೂಢಿ. ದೊಡ್ಡ ಊರುಗಳಲ್ಲಿ ಕಟಿಂಗ್ ಮಾಡುವ ಯಂತ್ರಗಳು ಬಂದಿದ್ದವು. ಕೂತರೆ ನಾಲ್ಕು ನಿಮಿಷ, ಒಂದು ಕೂದಲು ಹೆಚ್ಚುಕಮ್ಮಿಯಿಲ್ಲ. ಆದರೂ ಮುನಿವೆಂಕಟಪ್ಪನ ಶಾಪಿಗೆ ಜನ ಬರುತ್ತಿದ್ದರು. ಯಂತ್ರದ ಜೊತೆ ಚದುರಂಗ ಆಡಿದರೆ ಯಾವಾಗಲೂ ಸೋಲು. ಮುನಿವೆಂಕಟಪ್ಪನಾದರೆ ಗಿರಾಕಿಯ ಮುಖ ನೋಡಿ ಆಗಾಗ ಸೋಲುತ್ತಿದ್ದ. ಹೆಂಡತಿಯ ಹತ್ತಿರ ಮಾತ್ರ ಆ ದಾಕ್ಷಿಣ್ಯ ಇರಲಿಲ್ಲ.

ಅಂದು ಅಕ್ಕಯಮ್ಮನ ಮನಸ್ಸು ಹಲಗೆಯ ಮೇಲಿರಲಿಲ್ಲ. ತನ್ನ ಒಂಟೆಯಿಂದ ಅವನ ಕುದುರೆ ಹೊಡೆದಳು. ಅವನು ತನ್ನ ಕಾಲಾಳಿನಿಂದ ಆ ಒಂಟೆಯನ್ನು ಹೊಡೆಯಬೇಕು, ಕುದುರೆಗೆ ಒಂಟೆ, ಅಲ್ಲಿಗೆ ಸರಿಸಮ. ಅವನು ಹೊಡೆಯುವ ಮೊದಲೇ ತನ್ನ ಮುಂದಿನ ಆಟಕ್ಕೆ ಕೈ ಚಾಚಿದಳು.

ಮುನಿವೆಂಕಟಪ್ಪ ಅವಳ ಮಣಿಕಟ್ಟು ಹಿಡಿದ. “ತಾಳಪ್ಪ” ಎಂದ.

“ನಾನೇನು ಅಪ್ಪನಾ?”

“ಆಟದ ಮುಂದೆ ಎಲ್ರೂ ಅಪ್ಪನೇ. ನಿನ್ನ ಒಂಟೆ ಎಲ್ಲಿಗೆ ಓಡಿ ಹೋಯ್ತದೆ? ಅದನ್ನ ಆಮೇಲೆ ಹೊಡೀತೀನಿ. ಮೊದ್ಲು ಇದನ್ನ ನೋಡ್ಕೋ.” ಆನೆಯನ್ನು ಆ ತುದಿಯಿಂದ ಈ ತುದಿಗೆ ಜಾರಿಸಿದ. “ಚೆಕ್.”

ರಾಜನಿಗೆ ಚೆಕ್ ಬಿದ್ದರೆ ಬೇರೆ ಕೆಲಸವೆಲ್ಲ ಬಿಟ್ಟು ಅದನ್ನೇ ನೋಡಬೇಕು. ಅಕ್ಕಯಮ್ಮ ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿದಳು. ಇದ್ದದ್ದು ಅದೊಂದೇ ಮನೆ. ಆಗ ಅವನು ಒಂಟೆಯನ್ನು ಹೊಡೆದ. ಕಾಲಾಳಿನಿಂದಲ್ಲ, ಮಂತ್ರಿಯಿಂದ. ರಾಜ ಸರಿದು ನಿಂತ ಮನೆಗೆ ನೇರವಾಗಿ ಮಂತ್ರಿಯ ಕಣ್ಣು. ಮತ್ತೆ ಚೆಕ್. ಆಟ ಅಲ್ಲಿಗೆ ಮುಗಿದ ಹಾಗೆಯೇ.

ಸೋತರೆ ಒಂದು ಮಾತಾದರೂ ಬೈಯುವ ಹೆಂಡತಿ ಆನೆಯನ್ನೇ ದಿಟ್ಟಿಸುತ್ತಾ ಕೂತದ್ದು ಕಂಡು ಮುನಿವೆಂಕಟಪ್ಪನಿಗೆ ಗಾಬರಿಯಾಯಿತು. “ಏನೇ, ಹುಷಾರಿಲ್ವಾ?”

“ರೀ, ಈ ನಡೆಗೆ ನೀವು ತಾಳಪ್ಪ ಅನ್ನೋದು ಯಾಕೆ?”

“ಅದಾ? ನಮ್ಮಪ್ಪನ ಕಾಲದಲ್ಲಿ ಗಂಗುಲಪ್ಪ ಅಂತ ಕಾಂಪೌಂಡರ್ ಇದ್ರು. ಅರ್ಧ ಮುಖಕ್ಕೆ ಸೋಪು ಬಳಿಸ್ಕೊಂಡು ಆಡೋರು. ಎಲ್ರೂ ಅಂದ್ಕೊಂಡಿರೋದು ಈಗ ಇವ್ರು ಹೊಡೀತಾರೆ ಅಂತ. ಇವ್ರು ಕೈ ಅಡ್ಡ ಹಿಡಿದು ‘ತಾಳಪ್ಪ’ ಅಂದು ನಡುವೆ ಇನ್ನೊಂದು ನಡೆ ಇಡೋರು. ಎದುರಿನವನು ಅದಕ್ಕೆ ಉತ್ತರ ಕೊಡ್ಲೇಬೇಕು. ಕೊಟ್ಟು ಮುಗಿಸೋ ಹೊತ್ಗೆ ಹಲಗೆನೇ ಬೇರೆ ಆಗಿರೋದು. ಎಷ್ಟೋ ಸಲ ಮೊದಲಿಂದು ಹೊಡೆಯೋ ಪ್ರಮೇಯಾನೇ ಬರ್ತಿರಲಿಲ್ಲ. ಅವತ್ತಿಂದ ಈ ಶಾಪಲ್ಲಿ ಅದಕ್ಕೆ ಅದೇ ಹೆಸರು.”

“ಹೊಡೆಯೋ ಪ್ರಮೇಯಾನೇ ಬರ್ತಿರಲಿಲ್ಲ” ಎಂದು ಅಕ್ಕಯಮ್ಮ ಅವನ ಮಾತನ್ನೇ ಮೆಲ್ಲಗೆ ತಿರುಗಿ ಹೇಳಿದಳು. ಗಂಟಣ್ಣನ ಹೊಸ ಬುದ್ಧಿಗೆ ನೀರು ಬಿಡುವುದನ್ನು ಕಲಿಸುವ ಮೊದಲು ಅದು ಚುರುಕಾಗಲಿ ಎಂದು ಕೋಟಿಗಟ್ಟಲೆ ಚದುರಂಗದಾಟ ಆಡಿಸಿದ್ದರಂತೆ ಎಂದು ಅರ್ಷಿಯಾ ಯಾವತ್ತೋ ಹೇಳಿದ್ದಳು. ಆಗ ಅಕ್ಕಯಮ್ಮ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಸಂಜೆಯೇ ಅರ್ಷಿಯಾಳಿಗೆ ಫೋನ್ ಮಾಡಿದಳು. “ನಾಳೆ ಐದೂಕಾಲಿಗೆ ನಮ್ಮನೇಗೆ ಬಾ ತಾಯಿ. ಕಾಫಿ ಅಲ್ಲೇ ಕುಡಿಯುವಂತೆ. ನಿಂಗೊಂದು ಸದ್ದು ಕೇಳಿಸ್ಬೇಕು.”

ಗುರುವಾರ ಬೆಳಿಗ್ಗೆ ಅರ್ಷಿಯಾ ಬಂದಳು. ಐದೂವರೆಗೆ ನಲ್ಲಿಯಲ್ಲಿ ನೀರು ಬಂತು. ಬೀದಿಯುದ್ದಕ್ಕೂ ಕೊಡ ಬಿಂದಿಗೆಗಳ ಸದ್ದು. ಅರ್ಷಿಯಾ ಕೈಯಲ್ಲಿ ಲೋಟ ಹಿಡಿದು ಹಿತ್ತಲ ಕಟ್ಟೆಯ ಮೇಲೆ ಕೂತಳು. ಹತ್ತು ನಿಮಿಷ ಕಳೆಯಿತು. ಎಲ್ಲಿಂದಲೋ ‘ಗುಂಯ್’ ಎಂಬ ಸದ್ದು ಎದ್ದಿತು. ಅದರ ಹಿಂದೆ ಇನ್ನೊಂದು. ಆಮೇಲೆ ಹಿತ್ತಲ ಗೋಡೆಯಾಚೆ, ಸರ್ಕಾರಿ ಪ್ರವಾಸಿ ಮಂದಿರದ ಕಡೆಯಿಂದ, ಇವೆರಡನ್ನೂ ನುಂಗುವಂಥ ದಪ್ಪ ಸದ್ದು.

“ಮೋಟಾರು” ಎಂದಳು ಅಕ್ಕಯಮ್ಮ. “ಮೊದಲಿಂದು ಕೇಬಲ್ ರಾಮಾಂಜಿದು. ಎರಡ್ನೇದು ಟೈಲರಮ್ಮಂದು. ಆ ದೊಡ್ಡದು ನಿಮ್ಮ ಪ್ರವಾಸಿ ಮಂದಿರದ್ದೇ. ಅಲ್ಲಿ ಕಾವಲಿಗಿರೋ ಮೇಟಿ ದೊರೆಸ್ವಾಮಿ ಇದಾನಲ್ಲ, ಅವನ ಕೈಚಳಕ. ಈಗ ನಲ್ಲಿ ಹತ್ರ ಕಿವಿ ಇಡು.”

ನೀರು ಸಣ್ಣಗಾಯಿತು. ಬೆರಳಷ್ಟು ಇದ್ದದ್ದು ದಾರದಷ್ಟಾಯಿತು. ನಲ್ಲಿ ಹಾವಿನ ಹಾಗೆ ಬುಸ್ಸೆಂದಿತು. ಮರುಕ್ಷಣ ಬೀದಿಯಲ್ಲಿ ಗುಲ್ಲೆದ್ದಿತು.

“ರಾಮಾಂಜೀ! ನಲ್ಲಿ ಬುಸ್ ಅಂತೈತೆ, ಆಫ್ ಮಾಡೋ!”

“ಆಫ್ ಮಾಡ್ರೀ, ವೈಂಡಿಂಗ್ ಹೋಯ್ತದೆ! ಹೋದ ತಿಂಗ್ಳು ಸುಟ್ಟಿದ್ದು ಸಾಲ್ದಾ?”

ಗೋಡೆಯಾಚೆ ದೊರೆಸ್ವಾಮಿ ಹವಾಯಿ ಚಪ್ಪಲಿ ಪಟಪಟ ಬಡಿಯುತ್ತಾ ಓಡುವುದು ಕೇಳಿಸಿತು. ದಪ್ಪ ಸದ್ದು ನಿಂತಿತು. ಮಿಕ್ಕೆರಡೂ ನಿಂತವು. ನಲ್ಲಿ ಎರಡು ಸಲ ಕೆಮ್ಮಿ, ಮತ್ತೆ ಬೆರಳು ದಪ್ಪದ ನೀರು ಸುರಿಸಿತು.

ಅರ್ಷಿಯಾ ಗಡಿಯಾರ ನೋಡಿಕೊಂಡಳು. ನಲವತ್ತು ಸೆಕೆಂಡು. ಲೋಟದ ಕಾಫಿ ಆರುತ್ತಿದ್ದದ್ದೂ ಅವಳಿಗೆ ತಿಳಿಯಲಿಲ್ಲ.

“ಅದು ವಾಲ್ವ್ ಅಂಟ್ಕೊಳ್ತಿರೋದಲ್ಲ” ಎಂದಳು ನಿಧಾನವಾಗಿ. “ಬೇಕೂಂತಲೇ ಮಾಡ್ತಿದೆ. ಮುಚ್ಚೋಕೆ ಎರಡು ನಿಮಿಷ ಟೈಮಿದೆಯಲ್ಲ, ಅದರೊಳಗೆ ಗಾಳಿ ಬಿಟ್ಟು ಮೋಟಾರಿನವರನ್ನ ಹೆದರಿಸ್ತಿದೆ. ನೀರಿಲ್ದೆ ತಿರುಗಿದ್ರೆ ಮೋಟಾರ್ ಸುಡುತ್ತೆ ಅಂತ ಅವ್ರೇ ಓಡಿ ಹೋಗಿ ಆಫ್ ಮಾಡ್ತಾರೆ. ಅವ್ರು ಆಫ್ ಮಾಡಿದ್ರೆ ಬೀದಿ ಮುಚ್ಚೋ ಅಗತ್ಯಾನೇ ಇಲ್ಲ.”

“ಹೊಡೆಯೋ ಪ್ರಮೇಯಾನೇ ಬರಲ್ಲ.”

“ಇಷ್ಟು ದಿನ ನಮ್ಮಲ್ಲಿ ಒಬ್ರಿಗೂ ಯಾಕೆ ಹೊಳೀಲಿಲ್ಲ?”

“ನಿಮ್ಮ ಕ್ವಾರ್ಟರ್ಸಿನ ಎಲ್ಲ ಮನೇಲೂ ಸಂಪಿದೆ ತಾಯಿ. ರಾತ್ರಿ ತುಂಬಿದ್ದು ಹಗಲು ಬರುತ್ತೆ. ನೀವ್ಯಾವತ್ತು ನಲ್ಲಿ ಸದ್ದು ಕೇಳಿದ್ದೀರ?”

ಅರ್ಷಿಯಾ ನಕ್ಕಳು, ಸ್ವಲ್ಪ ನಾಚಿಕೆಯಿಂದಲೇ. ಮುನಿವೆಂಕಟಪ್ಪ ಹಲ್ಲುಜ್ಜುತ್ತಾ ಬಂದು ನಿಂತು ತನ್ನ ತಾಳಪ್ಪನ ಕಥೆಯನ್ನು ಮೊದಲಿನಿಂದ ಹೇಳಿದ. ಕಾಲೇಜಿನ ತಂಡದಲ್ಲಿ ಚದುರಂಗ ಆಡಿದ್ದ ಅರ್ಷಿಯಾಳಿಗೆ ಪೂರ್ತಿ ಹೇಳಬೇಕಾಗಲಿಲ್ಲ.

“ಗೊತ್ತು ಗೊತ್ತು. ನಮ್ಮ ಕೋಚು ಅದನ್ನ ಜ್ವಿಷೆನ್‌ಜುಗ್ ಅಂತಿದ್ರು. ಜರ್ಮನ್ ಮಾತು. ಜ್ವಿಷೆನ್ ಅಂದ್ರೆ ನಡುವೆ, ಜುಗ್ ಅಂದ್ರೆ ನಡೆ.”

“ಏನ್ ಜುಗ್ಗು?” ಎಂದ ಮುನಿವೆಂಕಟಪ್ಪ ಬಾಯಿ ತುಂಬ ನೊರೆಯಿಟ್ಟುಕೊಂಡು. “ಜರ್ಮನಿಯೋರೂ ಆಡ್ತಾರಾ ಇದನ್ನ? ನಾನೆಲ್ಲೋ ಗಂಗುಲಪ್ಪನೋರ ಸ್ವಂತದ್ದು ಅಂದ್ಕೊಂಡಿದ್ದೆ.”

ಅರ್ಷಿಯಾ ಆಫೀಸಿಗೆ ಹೋದವಳೇ ಎಂಟು ತಿಂಗಳ ದಾಖಲೆ ತೆಗೆದಳು. ಅಷ್ಟು ‘ಇತರೆ’ಗಳ ನಂತರ ನಿಜವಾಗಿ ವಲಯ ಮುಚ್ಚಬೇಕಾಗಿ ಬಂದದ್ದು ಅರವತ್ತು ಸಲ ಕೂಡ ಇರಲಿಲ್ಲ. ಎಲ್ಲವನ್ನೂ ಬರೆದು ಮೇಲಿನ ಆಫೀಸಿಗೆ ಕಳಿಸಿದಳು. ಸಂಜೆ ಒಂದೇ ಸಾಲಿನ ಉತ್ತರ ಬಂತು. ‘ಸದರಿ ಕ್ರಿಯೆಯು ಅನುಮೋದಿತ ಕಾರಣಪಟ್ಟಿಯಲ್ಲಿ ಇಲ್ಲದಿರುವುದರಿಂದ ದೋಷವೆಂದೇ ಪರಿಗಣಿಸತಕ್ಕದ್ದು.’

ಶುಕ್ರವಾರ ಬೆಳಿಗ್ಗೆ ಅಕ್ಕಯಮ್ಮ ಏಳು ಜನರಿಗೆ ತಿಂಡಿ ತೆಗೆದುಕೊಂಡು ಹೋದಳು. ಪುಟ್ಟಹೊನ್ನಯ್ಯ ಸಾಹೇಬರು ಹಿಂದಿನ ಸಂಜೆಯೇ ಬಂದು ಪ್ರವಾಸಿ ಮಂದಿರದಲ್ಲಿ ಇಳಿದಿದ್ದರು. ದಪ್ಪ ಮೀಸೆ, ದೊಡ್ಡ ದನಿ, ನಿವೃತ್ತಿಗೆ ಎರಡು ವರ್ಷ. ಕೆಟ್ಟ ಮನುಷ್ಯರಲ್ಲ. ಅರ್ಷಿಯಾ ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿದರು.

“ನೋಡಮ್ಮ ಅರ್ಷಿಯಾ, ನೀನು ಹೇಳೋದು ನಿಜಾನೇ ಇರ್ಬಹುದು” ಎಂದರು. “ಅದಕ್ಕೇ ನಂಗೆ ಹೆಚ್ಚು ಭಯ. ವಾಲ್ವ್ ಕೆಟ್ಟಿದ್ರೆ ಬದಲಾಯಿಸ್ಬಹುದು. ನಾವು ಹೇಳದ ಕೆಲಸಾನ ಯಂತ್ರ ತಾನಾಗೇ ಮಾಡೋಕೆ ಶುರು ಮಾಡಿದ್ರೆ? ಇವತ್ತು ನಲ್ಲೀಲಿ ಗಾಳಿ ಬಿಡ್ತು. ನಾಳೆ? ಊರಿನ ನೀರು ಕಣಮ್ಮ, ಆಟವಲ್ಲ. ನಾನು ಮೇಲಿನೋರಿಗೆ ಏನಂತ ಬರೀಲಿ? ಯಂತ್ರ ಜನರನ್ನ ಹೆದರಿಸ್ತಿದೆ, ಆದ್ರೆ ಒಳ್ಳೇದಕ್ಕೇ ಹೆದರಿಸ್ತಿದೆ ಅಂತ ಬರೀಲಾ?”

ಗೋಡೆ ಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲು. ತಂತ್ರಜ್ಞ ಪೆಟ್ಟಿಗೆಯ ಬಾಗಿಲು ತೆಗೆದು ಕಾದು ನಿಂತಿದ್ದ. ಅಕ್ಕಯಮ್ಮ ಇಡ್ಲಿ ಬಡಿಸುತ್ತಿದ್ದಳು. ಅವಳು ವಾದಕ್ಕೆ ಇಳಿಯಲಿಲ್ಲ. ಮೂರನೆಯ ಇಡ್ಲಿ ಹಾಕುತ್ತಾ ಸಹಜವಾಗಿ ಕೇಳಿದಳು.

“ಬೆಳಿಗ್ಗೆ ಸ್ನಾನಕ್ಕೆ ನೀರು ಸರಿಯಾಗಿ ಬಂತಾ ಸಾರ್?”

“ಹಾಂ? ಬಂತು ಬಂತು. ನಡುವೆ ಒಂದು ಗಳಿಗೆ ನಿಂತ್ಹೋಯ್ತು. ಮೈ ತುಂಬ ಸೋಪು. ಆ ಮೇಟಿ ಹೊರಗಿಂದ ‘ಒಂದ್ನಿಮಿಷ ಸಾರ್, ಒಂದ್ನಿಮಿಷ’ ಅಂತ ಕೂಗ್ಕೊಂಡು ಎಲ್ಲಿಗೋ ಓಡಿದ. ಆಮೇಲೆ ಬಂತು.”

“ಹೌದಾ ಸಾರ್.” ಅಕ್ಕಯಮ್ಮ ಚಟ್ನಿ ಹಾಕಿದಳು. “ನಮ್ಮನೇಲೂ ಅದೇ ಗಳಿಗೇಲಿ ಬುಸ್ ಅಂತು. ನಿಮ್ಮದೂ ನಮ್ಮದೂ ಒಂದೇ ಪೈಪು, ಹದಿನಾಲ್ಕನೇ ವಲಯ. ಹಳೇ ಗಂಟಣ್ಣ ಆಗಿದ್ರೆ ಅಷ್ಟೊತ್ತಿಗೆ ಬೀದೀನೇ ಮುಚ್ಚಿಬಿಡ್ತಿದ್ದ. ನಾಳೆ ಬೆಳಿಗ್ಗೆವರೆಗೂ ನೀರಿಲ್ಲ. ನಿಮ್ಮ ಮೈಮೇಲಿನ ಸೋಪು ಹಂಗೇ ಒಣಗ್ತಿತ್ತು.”

ಯಾರೋ ನಗು ತಡೆಯಲಾರದೆ ಕೆಮ್ಮಿದರು. ಸಾಹೇಬರ ಕೈಯಲ್ಲಿದ್ದ ಇಡ್ಲಿಯ ಚೂರು ಬಾಯಿಗೂ ಹೋಗದೆ ತಟ್ಟೆಗೂ ಇಳಿಯದೆ ನಿಂತಿತು. ಅವರು ಮೂವತ್ತು ವರ್ಷ ನೀರಿನ ಕೆಲಸ ಮಾಡಿದವರು. ಮೇಟಿ ಎಲ್ಲಿಗೆ ಓಡಿದ, ಯಾಕೆ ಓಡಿದ, ಅವನು ಓಡಿದ ಕೂಡಲೇ ನಿಂತದ್ದು ಯಾವುದು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಕ್ಕಯಮ್ಮ ಹೇಳಲೂ ಇಲ್ಲ. ಆರು ಜನರ ಮುಂದೆ ದೊಡ್ಡ ಮನುಷ್ಯರ ಮಾನ ಕಳೆದು ಕೆಲಸ ಸಾಧಿಸಿದರೆ, ಅದು ಉಳಿಯುವುದು ಅವರು ಬೆನ್ನು ತಿರುಗಿಸುವ ತನಕ ಮಾತ್ರ ಎಂಬುದು ಅವಳಿಗೆ ಗೊತ್ತಿತ್ತು.

“ಎಷ್ಟು ಎಚ್‌ಪಿ?” ಎಂದರು ಸಾಹೇಬರು ತಗ್ಗಿದ ದನಿಯಲ್ಲಿ.

“ಮೂರಿರ್ಬೇಕು ಸಾರ್. ಸದ್ದು ಕೇಳಿದ್ರೆ ಗೊತ್ತಾಗುತ್ತೆ.”

“ಸರ್ಕಾರದ್ದೇ ಮೂರು ಎಚ್‌ಪಿ!” ಸಾಹೇಬರು ಒಮ್ಮೆಲೇ ಗಹಗಹಿಸಿ ನಕ್ಕರು. ಹೊಟ್ಟೆ ಕುಲುಕಿ ತಟ್ಟೆಯ ಸಾಂಬಾರು ಚೆಲ್ಲಿತು. ನಕ್ಕು ಮುಗಿದ ಮೇಲೆ ಪರದೆಯ ಕಡೆ ತಿರುಗಿದರು. “ಆದರೂ ಅಮ್ಮ, ನನ್ನ ಭಯ ಹಂಗೇ ಇದೆ. ಅದು ಹೇಳದೆ ಕೇಳದೆ ಮಾಡ್ತಲ್ಲ?”

“ಹೇಳೋಕೆ ನೀವದಕ್ಕೆ ಎಷ್ಟು ಮಾತು ಕೊಟ್ಟಿದ್ದೀರ ಸಾರ್?” ಎಂದಳು ಅಕ್ಕಯಮ್ಮ. “ಹದಿನೇಳು. ಅದರಲ್ಲಿ ಇದಿಲ್ಲ. ಪಾಪ, ಅದೂ ಎರಡು ಸಾವಿರ ಸಲ ‘ಇತರೆ, ಇತರೆ’ ಅಂತ ಬಡ್ಕೊಂಡಿದೆ. ಬಚ್ಚಿಡೋನಾಗಿದ್ರೆ ಪೈಪ್ ಒಡೆತ ಅಂತ್ಲೋ ಟ್ಯಾಂಕ್ ಖಾಲಿ ಅಂತ್ಲೋ ಸುಳ್ಳು ಬರೀತಿರಲಿಲ್ವಾ? ಗೊತ್ತಿಲ್ದೆ ಇದ್ದಿದ್ದು ನಮಗೆ. ಒಂದು ಹೆಸರು ಕೊಡಿ. ಅದು ಮಾಡಿದ್ದು ನಿಮಗೂ ಕಾಣುತ್ತೆ, ಬೇಡ ಅನ್ನಿಸಿದ ದಿನ ಬೇಡ ಅನ್ನೋಕೂ ಬರುತ್ತೆ.”

ಸಾಹೇಬರು ಕೈ ತೊಳೆದು ಬಂದು, ತಂತ್ರಜ್ಞನಿಗೆ ಪೆಟ್ಟಿಗೆಯ ಬಾಗಿಲು ಹಾಕಲು ಸನ್ನೆ ಮಾಡಿದರು. “ಆರು ತಿಂಗಳು ಪರೀಕ್ಷಾರ್ಥ ಅಂತ ನನ್ನ ಹೊಣೇಲಿ ಬರೀತೀನಿ. ಪಟ್ಟಿಗೆ ಹದಿನೆಂಟನೇ ಕಾರಣ ಸೇರಿಸಿ. ಏನು ಹೆಸರು?”

ಅರ್ಷಿಯಾಳ ಮುಖ ಅರಳಿತು. “ಜ್ವಿಷೆನ್‌ಜುಗ್ ಸಾರ್.”

“ನಮ್ಮ ಟೈಪಿಸ್ಟು ರಾಜೀನಾಮೆ ಕೊಡ್ತಾಳೆ. ಬೇರೆ?”

“ಇಂಟರ್‌ಮೆಜ್ಜೊ ಅಂತಾನೂ ಅಂತಾರೆ ಸಾರ್, ಇಟಲಿ ಮಾತು. ದೊಡ್ಡ ನಾಟಕದ ನಡುವೆ ಆಡೋ ಸಣ್ಣ ಆಟಕ್ಕೆ ಹಂಗಂತಾರಂತೆ.”

“ಐಸ್‌ಕ್ರೀಮಿನ ಹೆಸರಿದ್ದಂಗಿದೆ. ಕನ್ನಡದಲ್ಲಿ ಹೇಳಮ್ಮ.”

“ಮಧ್ಯಂತರ ನಡೆ?” ಎಂದ ತಂತ್ರಜ್ಞ.

“ಮಧ್ಯಂತರ ಅಂದ ತಕ್ಷಣ ನೌಕರರ ಸಂಘದೋರು ಮಧ್ಯಂತರ ಪರಿಹಾರ ಬಂತು ಅಂತ ಪಟಾಕಿ ಹೊಡೀತಾರೆ. ಬೇಡ.”

“ನಡುನಡೆ?” ಎಂದಳು ಅರ್ಷಿಯಾ.

“ಚೆನ್ನಾಗಿದೆ. ಆದ್ರೆ ನೋಡಿದೋರಿಗೆ ಅರ್ಥ ಆಗ್ಬೇಕಲ್ಲ, ಏನು ನಡೀತು ಅಂತ.” ಸಾಹೇಬರು ಅಕ್ಕಯಮ್ಮನ ಕಡೆ ತಿರುಗಿದರು. “ನಿಮ್ಮ ಬೀದೀಲಿ ಇದಕ್ಕೆ ಏನಂತೀರಮ್ಮ?”

ಅಕ್ಕಯಮ್ಮ ಹೇಳಿದಳು. ಸಾಹೇಬರು ಬಾಯೊಳಗೇ ಎರಡು ಸಲ ಅಂದು ನೋಡಿದರು. ಆಮೇಲೆ ತಾವೇ ಕೀಲಿಮಣೆ ಎಳೆದುಕೊಂಡು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಹದಿನೆಂಟು: ತಾಳಪ್ಪ.

ಮಧ್ಯಾಹ್ನದ ಹೊತ್ತಿಗೆ ಅಕ್ಕಯಮ್ಮ ಮೆಸ್ಸಿನ ಬಾಗಿಲಲ್ಲಿ ನಿಂತು ಅಕ್ಕಿಯಂಗಡಿಯವನಿಗೆ ಇಡೀ ತಿಂಗಳಿಗೆ ಬೇಕಾಗುವ ಅಕ್ಕಿ ಒಟ್ಟಿಗೆ ಹಾಕಲು ಹೇಳಿದಳು. ಅಷ್ಟು ದಿನ ವಾರ ವಾರಕ್ಕೆ ತರಿಸುತ್ತಿದ್ದಳು. ಮುನಿವೆಂಕಟಪ್ಪ ಶಾಪಿಗೆ ಬಂದ ಪ್ರತಿ ಗಿರಾಕಿಗೂ, ತನ್ನ ಮಾತು ಸರ್ಕಾರದ ಪುಸ್ತಕ ಸೇರಿತು ಎಂದು ಹೇಳಿ ಹೇಳಿ ಇಬ್ಬರ ಕಿವಿಯ ಹತ್ತಿರ ಕತ್ತರಿ ಜಾರಿಸಿದ್ದ.

“ನಿಮ್ಮದೆಲ್ಲಿ, ಗಂಗುಲಪ್ಪನೋರ ಮಾತು” ಎಂದಳು ಅಕ್ಕಯಮ್ಮ.

“ಅವ್ರು ಅಂದ್ರು, ಸರಿ. ಮೂವತ್ತು ವರ್ಷ ನಿನ್ನ ಮೇಲೆ ಅದನ್ನ ಉಪಯೋಗಿಸಿ ತುಕ್ಕು ಹಿಡೀದಂಗೆ ಇಟ್ಟಿದ್ದು ಯಾರು?”

ಶನಿವಾರ ಬೆಳಿಗ್ಗೆ ಅವಳು ಕಂಟ್ರೋಲ್ ರೂಮಿಗೆ ಕಾಲಿಡುವ ಮೊದಲೇ ಅರ್ಷಿಯಾ ಬಾಗಿಲಿಗೆ ಓಡಿ ಬಂದಳು. “ಬನ್ನಿ ಅಮ್ಮಾ, ಬೇಗ ಬನ್ನಿ. ಇಲ್ನೋಡಿ. ನಾನು ಹೇಳಿದ್ದಲ್ಲ, ಯಾರೂ ಹೇಳಿದ್ದಲ್ಲ.”

ಪರದೆಯ ತುಂಬ ಹಳೆಯ ದಾಖಲೆಗಳಿದ್ದವು. ಹೊಸ ಮಾತು ಕೈಗೆ ಸಿಕ್ಕಿದ್ದೇ ತಡ, ಗಂಟಣ್ಣ ಎಂಟು ತಿಂಗಳ ಹಿಂದಿನ ಮೊದಲ ದಿನಕ್ಕೆ ಹೋಗಿ ತಾನು ಬರೆದದ್ದನ್ನೆಲ್ಲ ತಿದ್ದಿಕೊಂಡು ಬಂದಿತ್ತು. ‘ಇತರೆ’ ಇದ್ದ ಕಡೆಯಲ್ಲೆಲ್ಲ ‘ತಾಳಪ್ಪ’. ಸಾಲು ಸಾಲಾಗಿ, ಪುಟ ಪುಟವಾಗಿ, ತಾಳಪ್ಪ, ತಾಳಪ್ಪ, ತಾಳಪ್ಪ. ಬಹಳ ದಿನ ಬಾಯಿ ಕಟ್ಟಿದ್ದವನು ಮಾತು ಬಂದ ಕೂಡಲೇ ಮೊದಲಿಂದ ಕೊನೆಯವರೆಗೂ ಎಲ್ಲವನ್ನೂ ಹೇಳಿಬಿಟ್ಟ ಹಾಗಿತ್ತು. ಅಕ್ಕಯಮ್ಮನಿಗೆ ಯಾಕೋ ಕಣ್ಣು ತೇವವಾಯಿತು. ಸೆರಗಿನಿಂದ ಒರೆಸಿಕೊಂಡು, ಸಾಂಬಾರಿನ ಹಬೆ ಎಂದಳು.

“ಎಲ್ಲಾನೂ ತಿದ್ದಿದೆಯಾ?”

“ಅದೇ ಅಮ್ಮಾ.” ಅರ್ಷಿಯಾ ದನಿ ತಗ್ಗಿಸಿ ಬೆರಳಿನಿಂದ ಪುಟ ಸರಿಸಿದಳು. “ಬುಧವಾರದ ತನಕದ್ದರಲ್ಲಿ ಎರಡು ಸಾವಿರದ ಮುನ್ನೂರ ಐದು ತಿದ್ದಿದೆ. ಒಂಬತ್ತನ್ನ ಬಿಟ್ಟಿದೆ. ಆ ಒಂಬತ್ತು ಇನ್ನೂ ‘ಇತರೆ’ನೇ. ನೋಡಿ, ಬೇರೆ ಬೇರೆ ವಲಯ, ಬೇರೆ ಬೇರೆ ದಿನ. ಮೋಟಾರೂ ಇಲ್ಲ, ಗಾಳಿನೂ ಇಲ್ಲ. ಒಂದು ಲೋಟ ನೀರು ಎಲ್ಲೋ ಹೆಚ್ಚು ಬಿಟ್ಟಿದೆ, ಅಷ್ಟೇ. ಯಾಕೆ ಅಂತ ನಂಗೆ ಗೊತ್ತಾಗ್ತಿಲ್ಲ.”

ಅಕ್ಕಯಮ್ಮ ಕನ್ನಡಕ ಸರಿ ಮಾಡಿಕೊಂಡು ಒಂಬತ್ತು ಸಾಲನ್ನೂ ಓದಿದಳು. ಮತ್ತೆ ಮೊದಲಿನಿಂದ ಓದಿದಳು. ದಿಮ್ಮೆಯ ಮೇಲೆ ಅವಳ ಮೆಸ್ಸಿನಲ್ಲಿ ಎಂಟು ಗಂಟೆಯ ಗಿರಾಕಿಗಳು ಕಾಯುತ್ತಿದ್ದರು, ಹೊರಡುವ ಹೊತ್ತಾಗಿತ್ತು. ಅವಳು ಕ್ಯಾರಿಯರ್ ಕೆಳಗಿಟ್ಟು ಬೆಂಚು ಎಳೆದುಕೊಂಡಳು.

“ಸಾಹೇಬ್ರಿಗೆ ಸದ್ಯಕ್ಕೆ ಹೇಳ್ಬೇಡ, ಕಾರಣ ತಿಳ್ಕೊಂಡು ಹೇಳೋಣ” ಎಂದಳು. “ಮೊದಲ್ನೇದು ಯಾವ ಬೀದಿ ತಾಯಿ? ಹೋಗಿ ಕೇಳ್ಕೊಂಡು ಬರೋಣ.”